ನಮ್ಮಪ್ಪ ಲಾರಿ ಡ್ರೈವರು

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣ)



‘ನನ್ನನ್ನು ರೂಪಿಸಿದವರು’ ಎಂಬ ವಿಷಯದ ಮೇಲೆ ಹತ್ತು ನಿಮಿಷ ಮಾತಾಡಬೇಕೆಂದು ಸಮಿತಿಯವರು ಹೇಳಿದ್ದಾರೆ. ನನಗಿಂತ ಮೊದಲು ಮಾತಾಡಿದವರು ಗುರುಗಳನ್ನು ನೆನೆದರು. ಆ ಋಣ ನನಗೂ ಇದೆ. ಆದರೆ ನಾನಿವತ್ತು ಈ ಶಾಲೆಯ ಹಾಜರಿ ಪುಸ್ತಕದಲ್ಲಿ ಹೆಸರೇ ಇಲ್ಲದ ಒಬ್ಬರ ಬಗ್ಗೆ ಮಾತಾಡುತ್ತೇನೆ. ಅವರು ನಮ್ಮಪ್ಪ. ಅಪ್ಪ ಓದುವ ವಯಸ್ಸಿನಲ್ಲಿ ನಮ್ಮೂರಿಗೆ ಹೈಸ್ಕೂಲು ಬಂದಿರಲಿಲ್ಲ. ನಾಲ್ಕನೇ ಕ್ಲಾಸಿಗೆ ಬಿಟ್ಟು ಲಾರಿ ಕ್ಲೀನರ್ ಆದರು. ಈ ಶಾಲೆಗೆ ಕಲ್ಲು, ಮರಳು ಬಂದು ಬೀಳುವ ಹೊತ್ತಿಗೆ ಅವರ ಕೈಗೆ ಸ್ಟೀರಿಂಗ್ ಬಂದಿತ್ತು.

ನಮ್ಮ ಕಡೆ ಕೊಬ್ಬರಿ ತಿಪಟೂರಿನಿಂದ ಉತ್ತರ ಭಾರತಕ್ಕೆ ಹೋಗುತ್ತದೆ ಅನ್ನುವುದು ನಿಮಗೆಲ್ಲ ಗೊತ್ತು. ಆ ಕೊಬ್ಬರಿ ದೆಹಲಿ ಮುಟ್ಟುವುದು ಹೇಗೆ ಅನ್ನುವುದು ನಮ್ಮಂಥ ಮನೆಯವರಿಗೆ ಮಾತ್ರ ಗೊತ್ತು. ತಿಪಟೂರಿನಲ್ಲಿ ಮೂಟೆ ತುಂಬಿ, ಟಾರ್ಪಾಲು ಬಿಗಿದು, ಹುಳಿಯಾರು ದಾಟಿ ಹಿರಿಯೂರಿನಲ್ಲಿ ಹೈವೇ ಹಿಡಿಯಬೇಕು. ಚಿತ್ರದುರ್ಗ, ದಾವಣಗೆರೆ, ಹುಬ್ಬಳ್ಳಿ, ಬೆಳಗಾವಿ, ಕೊಲ್ಲಾಪುರ, ಪುಣೆ. ಖಂಡಾಲ ಘಾಟಿ ಇಳಿದು ಸೂರತ್, ಬರೋಡ, ಅಹಮದಾಬಾದ್. ಅಲ್ಲಿಂದ ಉದಯಪುರ, ಅಜ್ಮೇರ್, ಜೈಪುರ, ಕೊನೆಗೆ ದೆಹಲಿ. ಒಂದು ದಿಕ್ಕಿಗೇ ಎರಡು ಸಾವಿರ ಕಿಲೋಮೀಟರಿಗೂ ಮೇಲೆ. ವಾಪಸ್ ಬರಲು ಬಾಡಿಗೆ ಸಿಗುವವರೆಗೂ ದೆಹಲಿಯ ಟ್ರಾನ್ಸ್‌ಪೋರ್ಟ್ ನಗರದಲ್ಲಿ ಕಾಯಬೇಕು. ಕಿಶನ್‌ಗಢದ ಮಾರ್ಬಲ್ಲೋ ಇನ್ನೇನೋ ಸಿಕ್ಕರೆ ಹೊರಡುವುದು. ಮನೆ ಬಿಟ್ಟು ಮನೆ ಸೇರಲು ಇಪ್ಪತ್ತು ದಿನ. ಮನೆಯಲ್ಲಿ ಮೂರೋ ನಾಲ್ಕೋ ದಿನ. ಮತ್ತೆ ಲೋಡು.

ತಿಂಗಳಲ್ಲಿ ನಾಲ್ಕು ದಿನ ಮನೆಯಲ್ಲಿರುವ ಮನುಷ್ಯ ಸಂಸಾರ ಹೇಗೆ ಮಾಡುತ್ತಾನೆ? ನಮ್ಮಪ್ಪ ಮಾಡಿದ್ದು ಹೀಗೆ. ಹೊರಡುವ ಮುಂಚೆ ನಮ್ಮ ಪರೀಕ್ಷೆಯ ವೇಳಾಪಟ್ಟಿಯನ್ನು ಒಂದು ಚೀಟಿಯಲ್ಲಿ ಬರೆಸಿಕೊಂಡು, ಕ್ಯಾಬಿನ್ನಿನಲ್ಲಿ ದೇವರ ಫೋಟೋದ ಪಕ್ಕ ಸಿಕ್ಕಿಸುತ್ತಿದ್ದರು. ಗಣಿತದ ದಿನ ಎಲ್ಲೇ ಇರಲಿ, ಬೆಳಿಗ್ಗೆ ಗಾಡಿ ನಿಲ್ಲಿಸಿ ಒಂದು ಊದುಬತ್ತಿ ಹಚ್ಚುತ್ತಿದ್ದರಂತೆ. ಇದನ್ನು ನಮಗೆ ಹೇಳಿದ್ದು ಅವರ ಕ್ಲೀನರ್. ಅಪ್ಪ ಯಾವತ್ತೂ ಹೇಳಲಿಲ್ಲ. ಪುಣೆಯಿಂದ ಒಂದು, ಅಹಮದಾಬಾದಿನಿಂದ ಒಂದು, ದೆಹಲಿಯಿಂದ ಒಂದು, ಹದಿನೈದು ಪೈಸೆಯ ಕಾರ್ಡು ಬರೆಯುತ್ತಿದ್ದರು. ‘ನಾನು ಕ್ಷೇಮ. ಗಾಡಿ ಕ್ಷೇಮ. ಅವ್ವನಿಗೆ ನೀರು ಸೇದಿ ಕೊಡಿ. ಲಾಟೀನಿಗೆ ತೀರಾ ಹತ್ತಿರ ಕೂತು ಓದಬೇಡಿ.’ ಎಲ್ಲ ಕಾರ್ಡಿನಲ್ಲೂ ಹೆಚ್ಚುಕಮ್ಮಿ ಇಷ್ಟೇ. ಎಷ್ಟೋ ಸಲ ದೆಹಲಿಯ ಕಾರ್ಡಿಗಿಂತ ಅಪ್ಪನೇ ಮೊದಲು ಬಂದಿರುತ್ತಿದ್ದರು. ಆಮೇಲೆ ಬಂದ ಕಾರ್ಡನ್ನೂ ಅವ್ವ ಓದಿಸಿಕೊಂಡೇ ತಂತಿಗೆ ಚುಚ್ಚುತ್ತಿದ್ದಳು. ಆ ತಂತಿ ಈಗಲೂ ನಮ್ಮ ಮನೆಯಲ್ಲಿದೆ.

ನಾನು ಒಂಬತ್ತನೇ ಕ್ಲಾಸಿನಲ್ಲಿದ್ದಾಗ ನಮ್ಮ ಸಮಾಜ ಮೇಷ್ಟ್ರು ಅಪ್ಪನನ್ನು ಒಂದು ದಿನ ಕ್ಲಾಸಿಗೆ ಕರೆದರು. ಗೋಡೆಯ ಮೇಲೆ ಭಾರತದ ನಕ್ಷೆ ತೂಗುಹಾಕಿ, ‘ಡ್ರೈವರಣ್ಣ, ನೀವು ಹೋಗೋ ದಾರಿ ತೋರ್ಸಿ’ ಅಂದರು. ಅಪ್ಪ ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬಂದರು. ಚಿತ್ರದುರ್ಗದ ಆಚೆ ಕೆಂಪು ಮಣ್ಣು ಕಪ್ಪಾಗುವುದು, ಕೊಲ್ಲಾಪುರದ ಕಬ್ಬು, ಭರೂಚ್ ಕಡೆಯ ಬಾಳೆ ತೋಟ, ಚಳಿಗಾಲದಲ್ಲಿ ರಾಜಸ್ಥಾನದ ದಾರಿಯುದ್ದಕ್ಕೂ ಹಳದಿ ಹಾಸಿದಂತೆ ಅರಳುವ ಸಾಸಿವೆ, ಎಲ್ಲ ಹೇಳಿದರು. ಘಾಟಿ ಇಳಿಯುವುದು ಹೇಗೆ ಅಂತ ಒಬ್ಬ ಹುಡುಗ ಕೇಳಿದ. ‘ಯಾವ ಗೇರಲ್ಲಿ ಹತ್ತೀಯೋ ಅದೇ ಗೇರಲ್ಲಿ ಇಳೀಬೇಕು ಮಗಾ. ಬರೀ ಬ್ರೇಕು ನಂಬ್ಕೊಂಡ್ರೆ ಅದು ಕಾದು ಕೈ ಕೊಡ್ತದೆ’ ಅಂದರು. ಆ ಪೀರಿಯಡ್ಡು ಮುಗಿದ ಮೇಲೆ ಮೇಷ್ಟ್ರು ಅಪ್ಪನಿಗೆ ಎದ್ದು ನಿಂತು ಕೈ ಮುಗಿದರು. ನಲವತ್ತು ಮಕ್ಕಳ ಮುಂದೆ ಅಪ್ಪನಿಗೆ ಸಿಕ್ಕ ಆ ಗೌರವವನ್ನು ನಮ್ಮ ಮನೆ ಮರೆತಿಲ್ಲ.

ಅದು ಎಲ್ಲ ಕಡೆ ಸಿಗುತ್ತಿದ್ದ ಗೌರವ ಅಲ್ಲ. ಲಾರಿ ಡ್ರೈವರ್ ಅಂದರೆ ಕುಡುಕ, ದಾರಿ ತಪ್ಪಿದವನು ಅನ್ನುವ ಮಾತು ನಾವು ಹುಟ್ಟುವ ಮೊದಲೇ ಇತ್ತು. ತೊಂಬತ್ತರ ದಶಕದಲ್ಲಿ ಹೆದ್ದಾರಿಗಳಲ್ಲಿ ಲಾರಿ ಚಾಲಕರಿಗೆಂದೇ ಏಡ್ಸ್ ಜಾಗೃತಿಯ ಬರಹಗಳು ಬಂದವು. ಅವು ಬೇಕಿದ್ದ ಬರಹಗಳೇ. ಆದರೆ ಅದನ್ನು ನೋಡಿ ಕೆಲವರು ನನ್ನನ್ನೂ ನನ್ನ ತಂಗಿಯನ್ನೂ ನೋಡುವ ರೀತಿ ಬದಲಾಯಿತು. ನಾನು ಅಳುತ್ತಾ ಅಪ್ಪನಿಗೆ ಹೇಳಿದೆ. ಅಪ್ಪ ಸಿಟ್ಟಾಗಲಿಲ್ಲ. ‘ಬೋರ್ಡು ಹಾಕಿರೋದು ಒಳ್ಳೇದಕ್ಕೇ ಮಗಾ. ಓದಕ್ಕೆ ಬರ್ದಿರೋ ಹುಡುಗ್ರಿಗೆ ನಾನೇ ಓದಿ ಹೇಳ್ತೀನಿ. ನಮ್ಮನ್ನ ಆಡ್ಕೊಳೋರು ಒಂದಿನ ನಮ್ಮನೆಗೆ ಬಂದು ನೋಡ್ಲಿ’ ಅಂದರು. ಅಷ್ಟೇ. ಆಮೇಲೆ ತಂಗಿಯ ಜಡೆ ಹೆಣೆಯಲು ಕೂತರು. ಸ್ಟೀರಿಂಗ್ ಹಿಡಿದು ಕಾಯಿಗಟ್ಟಿದ ಕೈಯಲ್ಲಿ ಎರಡು ಜಡೆ ಸಮವಾಗಿ ಹೆಣೆಯಲು ಅವರಿಗೆ ಬರುತ್ತಿತ್ತು.

ಅವರ ಇನ್ನೊಂದು ನಿಯಮ, ರಾತ್ರಿ ಎರಡರಿಂದ ಬೆಳಗಿನ ಜಾವ ಐದರವರೆಗೆ ಗಾಡಿ ಓಡಿಸಬಾರದು ಅನ್ನುವುದು. ಇದಕ್ಕೆ ಮಾಲೀಕರಿಂದ ಬೈಸಿಕೊಂಡಿದ್ದಾರೆ, ಬತ್ತ ಕಡಿತ ಮಾಡಿಸಿಕೊಂಡಿದ್ದಾರೆ. ‘ಲೋಡು ತಡ ಆದ್ರೆ ದುಡ್ಡು ಹೋಗ್ತದೆ. ಕಣ್ಣು ಮುಚ್ಚಿದ್ರೆ ಎರಡು ಮನೆ ಹೋಗ್ತವೆ’ ಅನ್ನುತ್ತಿದ್ದರು. ಎರಡು ಮನೆ ಅಂದರೆ ನಮ್ಮದು, ಎದುರಿಗೆ ಬರುವವನದು.

1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆಯಲ್ಲಿ ದಿನಕ್ಕೆ ಎಂಟು ಗಂಟೆ, ವಾರಕ್ಕೆ ನಲವತ್ತೆಂಟು ಗಂಟೆಯ ಕೆಲಸ ಎಂದಿತ್ತು. ಆದರೆ ಆ ಕಾಯ್ದೆ ಮುಖ್ಯವಾಗಿ ಐದು ಅಥವಾ ಅದಕ್ಕಿಂತ ಹೆಚ್ಚು ಕೆಲಸಗಾರರಿದ್ದ ಸಂಸ್ಥೆಗಳಿಗೆ ಅನ್ವಯವಾಗುತ್ತಿತ್ತು. ಒಂದೇ ಲಾರಿ ಇಟ್ಟ ಮಾಲೀಕನ ಬಳಿ ದುಡಿದ ನಮ್ಮಪ್ಪನಂಥವರು ಅದರ ಹೊರಗೇ ಉಳಿದರು. ಭವಿಷ್ಯನಿಧಿ ಇಲ್ಲ, ಪಿಂಚಣಿ ಇಲ್ಲ, ಸಂಬಳದ ರಜೆ ಇಲ್ಲ. ಇಂಜಿನ್ನಿನ ಶಾಖ ಮತ್ತು ಸದ್ದಿನ ಪಕ್ಕದಲ್ಲಿ ಮೂವತ್ತೈದು ವರ್ಷ ಕೂತದ್ದಕ್ಕೆ ಸಿಕ್ಕಿದ್ದು ಮಂಡಿನೋವು, ಮಂದವಾದ ಕಿವಿ. ಕಿಟಕಿ ಕಡೆಯ ಬಲಗೈ ಎಡಗೈಗಿಂತ ಎಷ್ಟೋ ಕಪ್ಪಾಗಿತ್ತು.

ಈಗ ಕಾಲ ಬದಲಾಗಿದೆ. ರಸ್ತೆ ಅಗಲವಾಗಿದೆ. 2017ರ ಜುಲೈ 1ರಂದು ಜಿಎಸ್‌ಟಿ ಬಂದ ಮೇಲೆ ಹಲವು ರಾಜ್ಯಗಳ ಗಡಿಯಲ್ಲಿ ತೆರಿಗೆ ಚೆಕ್‌ಪೋಸ್ಟುಗಳು ಎದ್ದುಹೋದವು. ಹೊಸದಾಗಿ ತಯಾರಾಗುವ ಲಾರಿಗಳಲ್ಲಿ ಚಾಲಕನ ಕ್ಯಾಬಿನ್ನಿಗೆ ಎಸಿ ಕಡ್ಡಾಯವೆಂದು ಸರ್ಕಾರ ನಿಯಮ ಮಾಡಿದೆ. ಅಪ್ಪ ಇದ್ದಿದ್ದರೆ, ‘ಎಸಿ ಹಾಕಿದ್ರೆ ನಿದ್ದೆ ಬರಲ್ವಾ’ ಅಂತ ನಗುತ್ತಿದ್ದರು. ಮಗಳ ಮುಖವನ್ನು ಫೋನಿನಲ್ಲಿ ನೋಡಬಹುದು ಅಂದರೆ ಮಾತ್ರ ಆಸೆಪಡುತ್ತಿದ್ದರು.

ಲಾರಿ ಬಿಟ್ಟ ಮೇಲೆ ಅಪ್ಪನಿಗೆ ಎಂಟು ವರ್ಷ ಮನೆ ಸಿಕ್ಕಿತು. ದಿನಾ ಸಂಜೆ ಮೊಮ್ಮಕ್ಕಳನ್ನು ಇದೇ ಶಾಲೆಯ ಗೇಟಿನಿಂದ ಕರೆದುಕೊಂಡು ಹೋಗುತ್ತಿದ್ದರು. ನಮ್ಮನ್ನು ಕರೆಯಲು ಅವರಿಗೆ ಒಂದು ದಿನವೂ ಬಿಡುವು ಸಿಕ್ಕಿರಲಿಲ್ಲ. ‘ಬಾಕಿ ತೀರಿಸ್ತಾ ಇದೀನಿ’ ಅನ್ನುತ್ತಿದ್ದರು. ಕೊನೆಯ ಉಸಿರು ಬಿಟ್ಟಿದ್ದು ಮನೆಯಲ್ಲಿ, ನಮ್ಮೆಲ್ಲರ ನಡುವೆ. ಇಷ್ಟು ರಸ್ತೆ ಸವೆಸಿದವರಿಗೆ ದಾರಿಯಲ್ಲಿ ಸಾವು ಬರಬಾರದೆಂದು ಅವ್ವ ಹೊತ್ತ ಹರಕೆ ಫಲಿಸಿತು.

ಇವತ್ತೂ ಈ ಶಾಲೆಯಲ್ಲಿ ಲಾರಿ, ಟ್ಯಾಂಕರ್, ಬಸ್ಸು ಓಡಿಸುವವರ ಮಕ್ಕಳಿದ್ದಾರೆ. ಗುರುಗಳಲ್ಲಿ ನನ್ನದೊಂದು ಪ್ರಾರ್ಥನೆ. ಪೋಷಕರ ಸಭೆಗೆ ಅಂಥ ತಂದೆ ಬರದಿದ್ದರೆ ‘ನಿಮ್ಮಪ್ಪನಿಗೆ ಜವಾಬ್ದಾರಿ ಇಲ್ಲವಾ’ ಅಂತ ಮಗುವನ್ನು ಕೇಳಬೇಡಿ. ಅವರಿಗೊಂದು ಫೋನ್ ಮಾಡಿ, ಮಗು ಹೇಗೆ ಓದುತ್ತಿದೆ ಅಂತ ಎರಡು ಮಾತು ಹೇಳಿ. ಯಾವುದೋ ಢಾಬಾದ ಮುಂದೆ ಗಾಡಿ ನಿಲ್ಲಿಸಿಕೊಂಡು ಅವರು ಆ ಎರಡು ಮಾತಿಗೆ ಕಾಯುತ್ತಿರುತ್ತಾರೆ. ಅವರು ಊರಿಗೆ ಬಂದ ದಿನ ಒಮ್ಮೆ ಕ್ಲಾಸಿಗೂ ಕರೆಯಿರಿ, ನಮ್ಮ ಮೇಷ್ಟ್ರು ಕರೆದ ಹಾಗೆ. ಮಕ್ಕಳೇ, ನಿಮ್ಮಪ್ಪ ಡ್ರೈವರ್ ಅಂತ ಯಾರಾದರೂ ಹೀಗಳೆದರೆ ತಲೆ ತಗ್ಗಿಸಬೇಡಿ. ನಮ್ಮೂರಿನ ಕೊಬ್ಬರಿಗೆ ಬೆಲೆ ಬರುವುದು ಅದನ್ನು ಊರಿಂದಾಚೆ ಮುಟ್ಟಿಸುವ ಕೈ ಇರುವುದರಿಂದ.

ನಮ್ಮ ಶಾಲೆ ನೂರು ವರ್ಷ ಬಾಳಲಿ.