ಎಂಜಿನಿನ ಉಸಿರೂ ಎಣ್ಣೆಯ ಡಬ್ಬಿಯೂ

ಈ ಹೊತ್ತಿನ ಮಾತನ್ನು ನಿಮ್ಮ ಅಡಿಗೆಮನೆಯಿಂದಲೇ ಆರಂಭಿಸುತ್ತೇನೆ. ಒಲೆಯ ಹಿಂದಿನ ಗೋಡೆಯನ್ನು ಬೆರಳಿನಿಂದ ಒಮ್ಮೆ ಸವರಿ ನೋಡಿರಿ. ಬೆರಳಿಗೆ ಜಿಡ್ಡು ಹತ್ತುತ್ತದೆ. ಆ ಗೋಡೆಗೆ ಯಾರೂ ಎಣ್ಣೆ ಬಳಿದಿಲ್ಲ. ಬಜಿ ಕರಿಯುವಾಗ, ಒಗ್ಗರಣೆ ಹಾಕುವಾಗ ಎದ್ದ ಎಣ್ಣೆಯ ಸಣ್ಣ ಹನಿಗಳು ಕಣ್ಣಿಗೆ ಕಾಣದ ಮಂಜಾಗಿ ಹೋಗಿ ತಣ್ಣಗಿನ ಗೋಡೆಗೆ ಅಂಟಿಕೊಂಡಿವೆ. ಅನ್ನ ಕುದಿಯುವ ಪಾತ್ರೆಯ ಮುಚ್ಚಳ ಎತ್ತಿದರೆ ಅದರ ಒಳಮೈ ತುಂಬ ನೀರಿನ ಹನಿ. ಅಲ್ಲಿಯೂ ಉಗಿಯು ತಣ್ಣಗಿನ ಲೋಹಕ್ಕೆ ತಾಗಿ ಮರಳಿ ನೀರಾಗಿದೆ. ಈ ಎರಡು ಸಂಗತಿಗಳು ನೆನಪಿನಲ್ಲಿದ್ದರೆ, ನಾನು ಹೇಳಲಿರುವ ಡಬ್ಬಿಯ ಅರ್ಧ ವಿದ್ಯೆ ನಿಮಗೆ ಆಗಲೇ ಬಂದಂತಾಯಿತು.

ಆ ಡಬ್ಬಿಗೆ ಗ್ಯಾರೇಜಿನವರು ಕ್ಯಾಚ್ ಕ್ಯಾನ್ ಎನ್ನುತ್ತಾರೆ. ಸಣ್ಣ ತಂಬಿಗೆಯಷ್ಟು ದೊಡ್ಡದು. ಒಂದು ನಳಿಗೆ ಒಳಬರಲು, ಒಂದು ನಳಿಗೆ ಹೊರಹೋಗಲು, ತಳದಲ್ಲಿ ಒಂದು ತಿರುಪು. ಜೀಪು ಮೊದಲಾದ, ರಸ್ತೆ ಬಿಟ್ಟು ಹೊಲ ಹಳ್ಳಗಳಲ್ಲಿ ಓಡಾಡುವ ಗಾಡಿಗಳ ಬಾನೆಟ್ಟಿನ ಕೆಳಗೆ ಈಚೆಗೆ ಇದು ಹೆಚ್ಚಾಗಿ ಕಾಣುತ್ತದೆ. ಪಟ್ಟಣದಲ್ಲಿರುವ ನಮಗೆ ಇದರಿಂದೇನು ಎಂದು ನೀವು ಕೇಳಬಹುದು. ಹುಬ್ಬಳ್ಳಿಯಲ್ಲೋ ಗದಗಿನಲ್ಲೋ ಮನೆ, ಊರಲ್ಲಿ ನಾಲ್ಕು ಕೂರಿಗೆ ಹೊಲ, ಎರಡರ ನಡುವೆ ಓಡಾಡಲು ಒಂದು ಹಳೆಯ ಜೀಪು, ಇಂಥ ಸಂಸಾರಗಳು ನಮ್ಮಲ್ಲಿ ಕಡಿಮೆಯಿಲ್ಲ. ನನ್ನ ಅಣ್ಣನ ಮಗನದೂ ಅಂಥದೇ ಸಂಸಾರ. ಅವನ ಕಥೆಯನ್ನು ಮುಂದೆ ಹೇಳುತ್ತೇನೆ.

ಅವನ ಹೊಲ ಇರುವುದು ಯಾವಗಲ್ಲಿನ ಎರಿಯಲ್ಲಿ. ಗದಗ ಜಿಲ್ಲೆಯ ರೋಣದ ಸೀಮೆಯ ಈ ಕಪ್ಪು ನೆಲದ ಗುಣ ಕಂಡವರಿಗೇ ಗೊತ್ತು. ಬೇಸಗೆಯಲ್ಲಿ ಕೈ ಹೋಗುವಷ್ಟು ಬಿರುಕು. ಮೇಲೆ ಗಾಲಿ ಉರುಳಿದರೆ ಹಿಟ್ಟಿನಂಥ ಧೂಳು. ನಾಲ್ಕು ಮಳೆ ಬಿದ್ದರೆ ಅದೇ ಮಣ್ಣು ಗಾಲಿಗೆ ಮೆತ್ತಿಕೊಂಡು ಗಾಲಿ ತಿರುಗದಷ್ಟು ದಪ್ಪವಾಗುತ್ತದೆ. ಬೆಣ್ಣೆಹಳ್ಳದ ಕಡೆಯ ಇಳಿಜಾರುಗಳಲ್ಲಂತೂ ಗಾಡಿ ಒಂದು ಮಗ್ಗುಲಿಗೆ ವಾಲಿಯೇ ಏರಬೇಕು. ಮೋಜಿಗಾಗಿ ಗುಡ್ಡ ಹತ್ತುವವರು ಹಣ ಕೊಟ್ಟು ಪಡೆಯುವ ಕಷ್ಟವನ್ನು ಇಲ್ಲಿಯ ರೈತ ಹಿಂಗಾರಿ ಬಿತ್ತಿಗೆಯ ಕಾಲದಲ್ಲಿ ದಿನಕ್ಕೆರಡು ಸಲ ಪುಕ್ಕಟೆಯಾಗಿ ಉಣ್ಣುತ್ತಾನೆ.

ಇನ್ನು ಎಂಜಿನಿನೊಳಕ್ಕೆ ಬನ್ನಿರಿ. ನಾಲ್ಕು ಸಿಲಿಂಡರಿನ ಎಂಜಿನು ನಿಮಿಷಕ್ಕೆ 2000 ಸುತ್ತು ತಿರುಗುತ್ತಿದ್ದರೆ ಅದರಲ್ಲಿ ನಿಮಿಷಕ್ಕೆ 4000 ಸಲ ಇಂಧನ ಹೊತ್ತಿಕೊಳ್ಳುತ್ತದೆ. ಪ್ರತಿ ಸಲವೂ ಪಿಸ್ಟನ್ನನ್ನು ಕೆಳಗೆ ದಬ್ಬುವ ಅನಿಲದಲ್ಲಿ ಸ್ವಲ್ಪ ಭಾಗ ರಿಂಗುಗಳ ಸಂದಿನಿಂದ ನುಸುಳಿ ಕೆಳಗಿನ ಎಣ್ಣೆಯ ಕೋಣೆಗೆ ಇಳಿಯುತ್ತದೆ. ಎಷ್ಟೇ ಹೊಸ ಎಂಜಿನಾದರೂ ಇದು ತಪ್ಪದು. ನಮ್ಮ ಮೆಕ್ಯಾನಿಕ್ಕುಗಳು ಇದು ಹೆಚ್ಚಾದಾಗ 'ಬ್ಯಾಕ್ ಕಂಪ್ರೆಶನ್ ಹೊಡೀತೈತಿ' ಎನ್ನುತ್ತಾರೆ. ಕೆಳಗೆ ಇಳಿದ ಅನಿಲ ಅಲ್ಲಿಯೇ ನಿಂತರೆ ಒತ್ತಡ ಏರಿ ಎಣ್ಣೆ ತಡೆಯುವ ಸೀಲುಗಳು ಕಿತ್ತುಬರುತ್ತವೆ. ಆದುದರಿಂದ ಎಂಜಿನಿಗೆ ಒಂದು ಮೂಗು ಇಟ್ಟಿದ್ದಾರೆ, ಅದೇ ಬ್ರೀದರ್. ಆ ಮೂಗಿನಿಂದ ಹೊರಬರುವ ಉಸಿರಿನಲ್ಲಿ ಎಣ್ಣೆಯ ಮಂಜು, ಮಸಿ, ಅರೆಬೆಂದ ಇಂಧನ, ನೀರಿನ ಆವಿ ಎಲ್ಲ ಇರುತ್ತವೆ. ನೀರೆಲ್ಲಿಂದ ಬಂತು ಎನ್ನುವಿರಾ? ಪೆಟ್ರೋಲಾಗಲಿ ಡೀಸೆಲ್ಲಾಗಲಿ, ಒಂದು ಲೀಟರು ಉರಿದರೆ ಹೆಚ್ಚುಕಡಿಮೆ ಒಂದು ಲೀಟರು ನೀರು ಹುಟ್ಟುತ್ತದೆ. ಬಹುಪಾಲು ಸೈಲೆನ್ಸರಿನಿಂದ ಆವಿಯಾಗಿ ಹೋಗುವುದರಿಂದ ನಮಗೆ ಕಾಣುವುದಿಲ್ಲ, ಅಷ್ಟೆ.

ಹಿಂದಿನ ಕಾಲದಲ್ಲಿ ಈ ಮೂಗಿಗೆ ಒಂದು ಕೊಳವೆ ಜೋಡಿಸಿ ನೆಲದ ಕಡೆಗೆ ಬಿಟ್ಟುಬಿಡುತ್ತಿದ್ದರು. ದಾರಿಯುದ್ದಕ್ಕೂ ಹೊಗೆ, ಜಿಡ್ಡು. ಎರಡನೆಯ ಮಹಾಯುದ್ಧದಲ್ಲಿ ಯುದ್ಧದ ಟ್ಯಾಂಕುಗಳು ಆಳವಾದ ನೀರನ್ನು ದಾಟಬೇಕಾಗಿ ಬಂದಾಗ ಈ ತೆರೆದ ಕೊಳವೆಯಿಂದಲೇ ನೀರು ಎಂಜಿನಿನೊಳಗೆ ಹೋಗುವ ಭಯವಿತ್ತು. ಆಗ ಕೊಳವೆಯನ್ನು ಹೊರಗೆ ಬಿಡದೆ, ಎಂಜಿನು ಗಾಳಿ ಎಳೆದುಕೊಳ್ಳುವ ದಾರಿಗೇ ತಿರುಗಿಸಿ ಜೋಡಿಸಿದರು. ಬಿಟ್ಟ ಉಸಿರನ್ನು ಎಂಜಿನು ತಾನೇ ಮರಳಿ ಸೇವಿಸಿ ಸುಡುವ ಏರ್ಪಾಡು. ಮುಂದೆ ಊರಿನ ಗಾಳಿ ಕೆಡುತ್ತದೆಂದು 1961ರ ಮಾದರಿಯ ಹೊಸ ಕಾರುಗಳಿಂದ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಇದೇ ಏರ್ಪಾಡು ಬಳಕೆಗೆ ಬಂದಿತು; ಕ್ರಮೇಣ ಎಲ್ಲೆಡೆ ಹರಡಿತು. ಹಳ್ಳ ದಾಟುವ ಗಾಡಿಯ ತೊಡಕಿಗೆಂದು ಹುಟ್ಟಿದ ಉಪಾಯ ಪಟ್ಟಣದ ಕಾರಿಗೂ ಬಂದದ್ದು ಹೀಗೆ.

ಗಾಳಿಯೇನೋ ಶುದ್ಧವಾಯಿತು, ಆದರೆ ಜಿಡ್ಡು ಒಳಗೆ ಹೋಗತೊಡಗಿತು. ಟರ್ಬೊ ಇರುವ ಡೀಸೆಲ್ ಗಾಡಿಗಳಲ್ಲಿ ಈ ಎಣ್ಣೆಯ ಮಂಜು ಇಂಟರ್‌ಕೂಲರಿನ ತಳದಲ್ಲಿ ನಿಲ್ಲುತ್ತದೆ. ಸೈಲೆನ್ಸರಿನ ಕಡೆಯಿಂದ ಸ್ವಲ್ಪ ಹೊಗೆಯನ್ನು ಮರಳಿ ಒಳಗೆ ಕಳುಹಿಸುವ ಎಂಜಿನುಗಳಲ್ಲಿ ಆ ಮಸಿಯೂ ಈ ಜಿಡ್ಡೂ ಕಲೆತು ಬಂಡಿಯ ಕೀಲಿನ ಮಸಿಯಂತೆ ಗಟ್ಟಿಯಾಗಿ ಗಾಳಿಯ ದಾರಿಯನ್ನು ಕಿರಿದುಗೊಳಿಸುತ್ತದೆ. ಗಾಡಿ ವಾಲಿ ಏರುವಾಗಲಂತೂ ಮಂಜಲ್ಲ, ಎಣ್ಣೆಯೇ ಬ್ರೀದರಿಗೆ ನುಗ್ಗಬಹುದು. ನಮ್ಮ ಡಬ್ಬಿಯ ಸ್ಥಾನ ಇಲ್ಲಿ. ಬ್ರೀದರಿಗೂ ಗಾಳಿಯ ದಾರಿಗೂ ನಡುವೆ ಇದನ್ನು ಕೂರಿಸುತ್ತಾರೆ. ಬಿಸಿ ಉಸಿರು ಒಳಬಂದು, ನಿಧಾನವಾಗಿ, ತಣ್ಣಗಿನ ಗೋಡೆಗೂ ಒಳಗಿನ ಲೋಹದ ಬಲೆಗೂ ಬಡಿದು ಎಣ್ಣೆಯನ್ನೂ ನೀರನ್ನೂ ಅಲ್ಲಿಯೇ ಬಿಟ್ಟು ಮುಂದೆ ಹೋಗುತ್ತದೆ. ನಿಮ್ಮ ಅಡಿಗೆಮನೆಯ ಗೋಡೆ, ನಿಮ್ಮ ಅನ್ನದ ಮುಚ್ಚಳ.

ಈಗ ಅಣ್ಣನ ಮಗನ ಕಥೆ. ಅವನು ಕೊಂಡದ್ದು ಹಳೆಯ ಡೀಸೆಲ್ ಜೀಪು. ಬಾನೆಟ್ಟು ಎತ್ತಿದರೆ ಎಂಜಿನು ತೊಳೆದಿಟ್ಟ ಪಾತ್ರೆಯಂತಿತ್ತು, ಪಕ್ಕದಲ್ಲಿ ಥಳಥಳ ಹೊಳೆಯುವ ಕ್ಯಾಚ್ ಕ್ಯಾನು. ಹುಡುಗನಿಗೆ ಅದನ್ನು ಕಂಡೇ ಮನಸ್ಸು ಸೋತಿತು. ಎಲ್ಲಿಯೂ ಜಿಡ್ಡಿಲ್ಲ, ಹೊಗೆಯಿಲ್ಲ. ಮಾರಿದವನು ಆ ಡಬ್ಬಿಯನ್ನು ದಿನವೂ ಖಾಲಿ ಮಾಡುತ್ತಿದ್ದ ಎಂಬುದು ನಮಗೆ ಆಮೇಲೆ ತಿಳಿಯಿತು. ನಾನು ಬಹಳ ವರ್ಷ ಗ್ಯಾರೇಜಿನಲ್ಲಿ ಕೈ ಕಪ್ಪು ಮಾಡಿಕೊಂಡವನು. ಕೊಳ್ಳುವ ದಿನ ನನ್ನನ್ನು ಕರೆದಿದ್ದರೆ ಎಂದು ಹೇಳುವುದು ಸುಲಭ. ಕರೆದಿದ್ದರೂ ಆ ಹೊಳಪಿಗೆ ನಾನೂ ಮೋಸಹೋಗುತ್ತಿದ್ದೆನೇನೋ.

ಕಡಲೆ ಬಿತ್ತುವ ಕಾಲ. ಹಿಂದೆ ಬೀಜದ ಚೀಲ, ಮುಂದೆ ಪಕ್ಕದಲ್ಲಿ ನಮ್ಮ ಅತ್ತಿಗೆ. ಹಳ್ಳದ ದಂಡೆ ಏರುವಾಗ ಜೀಪು ಬಲಕ್ಕೆ ವಾಲಿತು. ವಾರಗಟ್ಟಲೆ ತುಂಬಿಕೊಂಡಿದ್ದ ಡಬ್ಬಿಯ ಎಣ್ಣೆಯೆಲ್ಲ ಒಮ್ಮೆಲೇ ಗಾಳಿಯ ದಾರಿಗೆ ಸುರಿಯಿತು. ಡೀಸೆಲ್ ಎಂಜಿನಿಗೆ ಕಿಡಿಯ ಹಂಗಿಲ್ಲ. ಉರಿಯುವಂಥದೇನು ಒಳಗೆ ಬಂದರೂ ಒತ್ತಿ ಉರಿಸಿಬಿಡುತ್ತದೆ. ಎಂಜಿನು ತನ್ನ ಎಣ್ಣೆಯನ್ನೇ ಕುಡಿದು ಕೂಗತೊಡಗಿತು. ಸುತ್ತ ಬಿಳಿ ಹೊಗೆ. ಅತ್ತಿಗೆ ಗಾಡಿಗೆ ಬೆಂಕಿ ಹತ್ತಿತೆಂದೇ ತಿಳಿದು ಬಾಗಿಲು ತೆಗೆದು ಜಿಗಿಯಹೋದರಂತೆ. ಹುಡುಗ ಒಂದು ಕೈಯಲ್ಲಿ ಅವರ ಸೆರಗು ಹಿಡಿದುಕೊಂಡ. ಟ್ರ್ಯಾಕ್ಟರಿನ ಚಾಲಕನೊಬ್ಬ ಎಂದೋ ಹೇಳಿದ್ದು ಅವನಿಗೆ ಆ ಹೊತ್ತಿನಲ್ಲಿ ನೆನಪಾದದ್ದು ದೈವ. ಗೇರು ನಾಲ್ಕಕ್ಕೆ ಹಾಕಿ, ಬ್ರೇಕನ್ನು ಬಲವಾಗಿ ತುಳಿದು, ಕ್ಲಚ್ಚನ್ನು ಬಿಟ್ಟುಬಿಟ್ಟ. ಎಂಜಿನು ಒಮ್ಮೆ ನಡುಗಿ ನಿಂತಿತು.

ಸಂಜೆ ಫೋನಿನಲ್ಲಿ ಅವನ ದನಿ ಇನ್ನೂ ನಡುಗುತ್ತಿತ್ತು.

'ಕಾಕಾ, ಚಾವಿ ತಗದ್ರೂ ಎಂಜಿನ್ ನಿಂದರಲಿಲ್ರೀ.'

'ಆ ಡಬ್ಬಿ ಯಾವಾಗ ಖಾಲಿ ಮಾಡಿದ್ದೋ ತಮ್ಮಾ?'

'ಅದನ್ನ ಖಾಲಿ ಮಾಡಬೇಕಂತ ನನಗ ಯಾರೂ ಹೇಳಲೇ ಇಲ್ರೀ.'

ಎಂಜಿನು ಬಿಚ್ಚಿ ನೋಡಿದಾಗ ರಿಂಗುಗಳು ಎಂದೋ ಸವೆದುಹೋಗಿದ್ದವು. ಒಂದು ಕನೆಕ್ಟಿಂಗ್ ರಾಡು ಆ ದಿನ ಬಗ್ಗಿತ್ತು. ಆ ವರ್ಷದ ಕಡಲೆಯ ದುಡ್ಡು ಬೋರು, ಪಿಸ್ಟನ್ನು, ರಿಂಗುಗಳಿಗೆ ಹೋಯಿತು.

ಆದುದರಿಂದ ಹಳೆಯ ಗಾಡಿ ಕೊಳ್ಳುವಾಗ ಬಾನೆಟ್ಟಿನ ಕೆಳಗೆ ಈ ಡಬ್ಬಿ ಕಂಡರೆ ಮೆಚ್ಚುವ ಮೊದಲು ಒಂದು ಕೆಲಸ ಮಾಡಿರಿ. ಅದರ ತಿರುಪು ಬಿಚ್ಚಿ ಖಾಲಿ ಮಾಡಿಸಿ, ಒಂದು ತಾಸು ಗಾಡಿ ಓಡಿಸಿ, ಏರು ಇಳಿವು ಹತ್ತಿಸಿ, ಮರಳಿ ಬಂದು ಬಿಚ್ಚಿ ನೋಡಿರಿ. ಒಂದು ತಾಸಿಗೇ ತಳ ತುಂಬ ಎಣ್ಣೆ ನಿಂತಿದ್ದರೆ ಆ ಗಾಡಿಯನ್ನು ಅಲ್ಲಿಯೇ ಬಿಟ್ಟು ಬನ್ನಿರಿ. ಎಂಜಿನು ನಿಧಾನವಾಗಿ ತಿರುಗುತ್ತಿರುವಾಗ ಎಣ್ಣೆ ಹಾಕುವ ಬಾಯಿಯ ಮುಚ್ಚಳವನ್ನು ಸಡಿಲಿಸಿ ಇಡಿರಿ. ತುಸು ಉಸಿರು ಸಹಜ. ಮುಚ್ಚಳ ಕುಣಿದು ಹೊಗೆ ಬುಸುಗುಟ್ಟಿದರೆ ರಿಂಗಿನ ರೋಗವೇ. ಸವೆದ ರಿಂಗಿಗೆ ಡಬ್ಬಿ ಮದ್ದಲ್ಲ. ಅಂಗಡಿಯವರು ಏನೇ ಹೇಳಲಿ, ಅದರಿಂದ ಎಂಜಿನಿನ ಬಲವೂ ಹೆಚ್ಚುವುದಿಲ್ಲ.

ಹಾಗಾದರೆ ಹಾಕಿಸಬಾರದೆ? ಹೊಲದಲ್ಲಿ ದುಡಿಯುವ ಹಳೆಯ ಡೀಸೆಲ್ ಜೀಪಿಗೆ ಹಾಕಿಸಬೇಕೆಂದೇ ನನ್ನ ಮತ. ರಿಪೇರಿಯಾದ ಮೇಲೆ ಅಣ್ಣನ ಮಗನ ಜೀಪಿಗೆ ನಾನೇ ಕೂರಿಸಿದ್ದೇನೆ. ಆದರೆ ಹೊಳಪಿನದಲ್ಲ, ಒಳಗೆ ಅಡ್ಡತಟ್ಟೆಯೂ ಬಲೆಯೂ ಇರುವ, ನೋಡಲು ಚೆಂದವಿಲ್ಲದ ಡಬ್ಬಿ. ಬರಿ ಟೊಳ್ಳು ಡಬ್ಬಿಯಲ್ಲಿ ಮಂಜು ಈ ಕಡೆ ಬಂದು ಆ ಕಡೆ ಹೋಗುತ್ತದೆ. ಬಲೆಯ ಬದಲು ಪಾತ್ರೆ ತಿಕ್ಕುವ ಉಕ್ಕಿನ ನಾರು ತುರುಕುವವರಿದ್ದಾರೆ, ಅದರ ಎಳೆ ಮುರಿದು ಎಂಜಿನು ಸೇರೀತು, ಬೇಡ. ನೀರಿನ ಪೈಪು ಜೋಡಿಸುವುದೂ ಬೇಡ, ಎಣ್ಣೆ ತಾಗಿ ಅದು ಮೆತ್ತಗಾಗಿ ಒಳಗೇ ಕೂಡಿಕೊಳ್ಳುತ್ತದೆ. ಎಣ್ಣೆಗೆಂದೇ ಮಾಡಿದ ಹೋಸು, ಮೊದಲಿದ್ದುದಕ್ಕಿಂತ ಸಣ್ಣ ಬಾಯಿಯದಲ್ಲದ್ದು, ಎಲ್ಲಿಯೂ ಮಡಿಚಿಕೊಳ್ಳದಂತೆ ಇರಬೇಕು. ಮೂಗು ಕಟ್ಟಿದರೆ ಸೀಲು ಹೋಗುತ್ತದೆ ಎಂದು ಮೊದಲೇ ಹೇಳಿದೆನಲ್ಲ. ಡಬ್ಬಿಯನ್ನು ಬಿಸಿ ಸೈಲೆನ್ಸರಿನ ಕಡೆಗಲ್ಲ, ತಂಪಾದ ಮಗ್ಗುಲಿಗೆ ಕೂರಿಸಿರಿ. ಹೊರಹೋಗುವ ನಳಿಗೆಯನ್ನು ಬಯಲಿಗೆ ಬಿಡಬೇಡಿರಿ. ನಮ್ಮ ಎರಿಯ ಧೂಳು ಆ ದಾರಿಯಿಂದ ಒಳಸೇರಿದರೆ ಎಣ್ಣೆಯೇ ಸಾಣೆಕಲ್ಲಾಗುತ್ತದೆ. ರಿಂಗು ಸವೆಯುವುದಕ್ಕೆ ಮೊದಲ ಕಾರಣವೂ ಧೂಳೇ. ಏರ್ ಫಿಲ್ಟರನ್ನು ಕಡೆಗಣಿಸಿ ಡಬ್ಬಿಯನ್ನು ಪೂಜಿಸಿದರೆ ಏನೂ ಫಲವಿಲ್ಲ.

ಹೊಸ ಗಾಡಿಯ ಮಾತು ಬೇರೆ. 2020ರ ಏಪ್ರಿಲ್‌ನಿಂದ ಬಂದ ಬಿ.ಎಸ್. 6 ಗಾಡಿಗಳಲ್ಲಿ ಎಣ್ಣೆ ಬೇರ್ಪಡಿಸುವ ಏರ್ಪಾಡು ಕಾರಖಾನೆಯಲ್ಲಿಯೇ ಆಗಿರುತ್ತದೆ. ನಡುವೆ ಕೈ ಹಾಕಿದರೆ ವಾರಂಟಿಗೆ ತೊಡಕು, ಮೋಟಾರು ವಾಹನ ಕಾಯಿದೆಯ 52ನೆಯ ಕಲಮೂ ಗಾಡಿಯ ಮೂಲ ರಚನೆ ಬದಲಿಸುವುದನ್ನು ತಡೆಯುತ್ತದೆ. ಕಂಪನಿಯವರನ್ನು ಕೇಳದೆ ಮುಟ್ಟಬೇಡಿರಿ.

ಅಕಸ್ಮಾತ್ ನಿಮ್ಮ ಡೀಸೆಲ್ ಗಾಡಿಯೂ ಆ ಜೀಪಿನಂತೆ ಹುಚ್ಚೆದ್ದರೆ ಚಾವಿಯನ್ನು ನಂಬಬೇಡಿರಿ. ಹುಡುಗ ಮಾಡಿದಂತೆ ಮೇಲಿನ ಗೇರು, ಬ್ರೇಕು, ಆಮೇಲೆ ಕ್ಲಚ್ಚು ಬಿಡುವುದು. ಗಾಳಿಯ ದಾರಿಯನ್ನು ಗಟ್ಟಿ ಹಲಗೆಯಿಂದ ಮುಚ್ಚಿದರೂ ಎಂಜಿನು ನಿಲ್ಲುತ್ತದೆ. ಅಂಗೈಯಿಂದಾಗಲಿ ಟವೆಲ್ಲಿನಿಂದಾಗಲಿ ಮುಚ್ಚಹೋಗಬಾರದು, ಎಳೆದುಕೊಂಡುಬಿಡುತ್ತದೆ. ಎರಡೂ ಆಗದಿದ್ದರೆ ಜನರನ್ನು ಇಳಿಸಿಕೊಂಡು ದೂರ ಸರಿಯಿರಿ. ಎಂಜಿನು ಹೋದರೆ ಹೋಗಲಿ.

ಈಗ ಅಣ್ಣನ ಮಗ ಜೀಪಿನಲ್ಲಿ ಒಂದು ಸಣ್ಣ ವಹಿ ಇಟ್ಟಿದ್ದಾನೆ. ಎಷ್ಟು ಬಂದರೆ ಸರಿ ಎಂಬ ಲೆಕ್ಕ ಎಲ್ಲ ಗಾಡಿಗಳಿಗೂ ಒಂದೇ ಆಗಿರುವುದಿಲ್ಲ; ತನ್ನ ಗಾಡಿಯ ಲೆಕ್ಕವನ್ನು ತಾನೇ ಬರೆಯಬೇಕು. ಮೊದಲು ವಾರಕ್ಕೊಮ್ಮೆ, ಈಗ ಪ್ರತಿ 500 ಕಿಲೋಮೀಟರಿಗೆ ತಿರುಪು ಬಿಚ್ಚಿ, ಬಂದುದನ್ನು ಹಳೆಯ ಔಷಧಿಯ ಅಳತೆಯ ಮುಚ್ಚಳದಿಂದ ಅಳೆಯುತ್ತಾನೆ. ಥಂಡಿಯ ದಿನಗಳಲ್ಲಿ, ಹತ್ತಿರದ ಓಡಾಟವೇ ಹೆಚ್ಚಾದಾಗ, ಮಜ್ಜಿಗೆಯಂಥ ನೀರು ಬೆರೆತ ಎಣ್ಣೆ ಬರುತ್ತದೆ, ಅದಕ್ಕೆ ಹೆದರಬೇಕಾಗಿಲ್ಲ. ಕಪ್ಪು ಎಣ್ಣೆಯ ಅಳತೆ ತಿಂಗಳಿಂದ ತಿಂಗಳಿಗೆ ಏರುತ್ತ ಹೋದರೆ ಮಾತ್ರ ನನಗೆ ಫೋನು ಮಾಡು ಎಂದಿದ್ದೇನೆ. ಬಂದ ಎಣ್ಣೆಯನ್ನು ಉಳಿತಾಯವೆಂದು ಮರಳಿ ಎಂಜಿನಿಗೆ ಹಾಕುವ ಹಾಗಿಲ್ಲ, ಹಳ್ಳಕ್ಕೆ ಚೆಲ್ಲುವ ಹಾಗೂ ಇಲ್ಲ. ಒಂದು ಕ್ಯಾನಿನಲ್ಲಿ ಕೂಡಿಟ್ಟು, ಎಂಜಿನ್ ಆಯಿಲ್ ಬದಲಿಸಲು ಹೋದಾಗ ಗ್ಯಾರೇಜಿನ ಹಳೆಯ ಎಣ್ಣೆಯ ಪೀಪಾಯಿಗೆ ಸುರಿದು ಬರುತ್ತಾನೆ. ಅತ್ತಿಗೆ ಮಾತ್ರ ಇಂದಿಗೂ ಹಳ್ಳದ ದಂಡೆ ಬಂದರೆ ಇಳಿದು, ಏರು ಮುಗಿಯುವ ತನಕ ನಡೆದೇ ಹೋಗುತ್ತಾರೆ.