ನುಂಗಿದ ಮಾತು, ಮರೆತ ನೋವು



ಇಂದು ನಾನು ಆರಿಸಿಕೊಂಡಿರುವ ವಿಷಯ ‘ದಮನ’. ನಾನು ಸಾಫ್ಟ್‌ವೇರ್ ಕೆಲಸದವಳು, ಮನೋವೈದ್ಯೆಯಲ್ಲ. ಆದರೆ ತ್ರಿವೇಣಿಯವರ ಕಾದಂಬರಿ ಓದಿದವರಿಗೆ ಈ ವಿಷಯ ಹೊಸದೇನಲ್ಲ.

ಸಿಗ್ಮಂಡ್ ಫ್ರಾಯ್ಡ್ 1915ರಲ್ಲಿ ದಮನದ ಬಗ್ಗೆ ಒಂದು ಪ್ರಬಂಧವನ್ನೇ ಬರೆದರು. ಸಹಿಸಲಾಗದ ನೆನಪನ್ನೋ ಆಸೆಯನ್ನೋ ಮನಸ್ಸು ನಮಗೇ ತಿಳಿಯದಂತೆ ಅರಿವಿನಿಂದ ಆಚೆ ತಳ್ಳುತ್ತದೆ ಎಂಬುದು ಅವರ ವಾದ. ಮನೆಯಲ್ಲಿ ಯಾರದೋ ಮಾತಿಗೆ ಬಂದ ಕೋಪವನ್ನು ನುಂಗಿಕೊಂಡು ಕಾಫಿ ಬೆರೆಸುತ್ತೇವಲ್ಲ, ಅದು ದಮನವಲ್ಲ. ಅಲ್ಲಿ ಕೋಪ ಬಂದದ್ದು ನಮಗೆ ಗೊತ್ತು. ದಮನದಲ್ಲಿ ಅಡಗಿಸಿಟ್ಟಿದ್ದೇವೆ ಎಂಬುದೂ ಗೊತ್ತಿರುವುದಿಲ್ಲ. ಮೊಬೈಲ್‌ನ ಪರದೆಯ ಮೇಲೆ ಕಾಣದ ಆ್ಯಪ್ ಒಳಗೊಳಗೇ ಓಡುತ್ತಾ ಬ್ಯಾಟರಿ ತಿಂದ ಹಾಗೆ. ಅಡಗಿದ್ದು ಕನಸಿನಲ್ಲಿ, ಬಾಯಿತಪ್ಪಿ ಬಂದ ಮಾತಿನಲ್ಲಿ, ಕಾರಣ ತಿಳಿಯದ ಭಯದಲ್ಲಿ ಮರಳಿ ಬರುತ್ತದೆ ಎಂದರು ಫ್ರಾಯ್ಡ್.

ಮನಃಶಾಸ್ತ್ರ ಓದಿದ್ದ ತ್ರಿವೇಣಿ (1928–1963) ‘ಶರಪಂಜರ’ದಲ್ಲಿ ಕಾವೇರಿಯನ್ನು ಸೃಷ್ಟಿಸಿದರು. 1971ರ ಪುಟ್ಟಣ್ಣ ಕಣಗಾಲರ ಚಿತ್ರದಲ್ಲಿ ಕಲ್ಪನಾ ಅವಳಾಗಿ ನಟಿಸಿದ್ದನ್ನು ನಮ್ಮಲ್ಲಿ ಅನೇಕರು ನೋಡಿದ್ದೀರಿ. ಮದುವೆಗೆ ಮುಂಚಿನ ಒಂದು ಘಟನೆ ಅವಳೊಳಗೇ ಉಳಿದಿತ್ತು. ಹೆರಿಗೆಯ ನಂತರ ಮನಸ್ಸಿನ ಸಮತೋಲ ತಪ್ಪಿದಾಗ ಅದು ಹೊರಬಂತು. ಅವಳು ಚಿಕಿತ್ಸೆ ಪಡೆದು ಗುಣವಾಗಿ ಮನೆಗೆ ಬರುತ್ತಾಳೆ. ಆದರೆ ಮನೆಯವರು, ನೆರೆಹೊರೆಯವರು ಅವಳನ್ನು ಹುಚ್ಚಿಯೆಂದೇ ನೋಡುತ್ತಾರೆ. ವೈದ್ಯರು ಗುಣಪಡಿಸಿದ್ದನ್ನು ಮನೆಯೇ ಮತ್ತೆ ಕೆಡಿಸುತ್ತದೆ.

ಬಾಣಂತನದ ಮಾನಸಿಕ ಕಾಯಿಲೆಗೆ ಹಾರ್ಮೋನ್ ಏರುಪೇರು, ನಿದ್ದೆಗೇಡು, ಅನುವಂಶೀಯತೆ ಇವೆಲ್ಲ ಕಾರಣವಾಗಬಹುದು ಎನ್ನುತ್ತಾರೆ ಇಂದಿನ ವೈದ್ಯರು. ದಮನಗೊಂಡ ನೆನಪುಗಳ ಬಗ್ಗೆ ತಜ್ಞರಲ್ಲಿ ಇನ್ನೂ ವಾದವಿದೆ. ಹಾಗಾಗಿ ಇನ್ನೊಬ್ಬರ ಮನಸ್ಸನ್ನು ಕೆದಕುವುದು ನಮ್ಮ ಕೆಲಸವಲ್ಲ. ಒಬ್ಬಳು ತಾನಾಗಿ ಹೇಳಲು ಬಾಯಿ ತೆರೆದಾಗ “ಅದೆಲ್ಲ ಮರೆತುಬಿಡಮ್ಮ, ನಾಲ್ಕು ಜನ ಏನಂದಾರು” ಎಂದು ಅವಳ ಬಾಯಿ ಮುಚ್ಚಿಸದಿರುವುದಂತೂ ನಮ್ಮ ಕೈಯಲ್ಲಿದೆ. ಹೊರಗೆಲ್ಲ ತಮಿಳಿನಲ್ಲಿ ವ್ಯವಹರಿಸುವ ನಮಗೆ ಮನಸ್ಸಿನ ಮಾತು ಬರುವುದು ಕನ್ನಡದಲ್ಲೇ. ಅದನ್ನು ಕೇಳಿಸಿಕೊಳ್ಳಲು ಈ ವೇದಿಕೆಗಿಂತ ಹತ್ತಿರದ ಜಾಗ ಯಾವುದಿದೆ?

ಕೇಳಿಸಿಕೊಂಡರಷ್ಟೇ ಸಾಲದು ಅನಿಸಿದರೆ ವೈದ್ಯರಲ್ಲಿಗೆ ಜೊತೆಗೆ ಹೋಗೋಣ. ಮಂಗಳೂರಿನಲ್ಲಿ ಹುಟ್ಟಿದ ಮನೋವೈದ್ಯೆ ಡಾ. ಶಾರದಾ ಮೆನನ್ 1984ರಲ್ಲಿ ಸಂಗಡಿಗರೊಂದಿಗೆ ಆರಂಭಿಸಿದ ಸ್ಕಾರ್ಫ್ ಸಂಸ್ಥೆ ನಮ್ಮ ಅಣ್ಣಾ ನಗರ್‌ನಲ್ಲೇ ಇದೆ. ಅಲ್ಲಿಂದ ಗುಣವಾಗಿ ಬಂದವಳನ್ನು ಮುಂದಿನ ಅರಿಶಿನ-ಕುಂಕುಮಕ್ಕೆ ಎಂದಿನಂತೆ ಕರೆಯೋಣ. ಕಾವೇರಿಗೆ ಸಿಗದೇ ಹೋದದ್ದು ಅದೇ.