ಬೀದಿಗೆ ಕರೆದ ಹಾಡು

(ಸಂಗೀತಾಸಕ್ತರ ಸಭೆಯೊಂದರಲ್ಲಿ ಮಾಡಿದ ಭಾಷಣದ ಬರಹರೂಪ)



ಹಾಡೊಂದರ ಅರ್ಥ ಯಾರಿಗೆ ಸೇರಿದ್ದು? ಬರೆದವರಿಗೋ, ಹಾಡಿದವರಿಗೋ, ಕೇಳಿದವರಿಗೋ? ಈ ಪ್ರಶ್ನೆಯನ್ನು ಎರಡೂವರೆ ನಿಮಿಷ ಚಿಲ್ಲರೆಯ ಒಂದು ಕುಣಿತದ ಹಾಡಿನ ಮೂಲಕ ನೋಡಬಹುದು. ಅದು ‘ಡಾನ್ಸಿಂಗ್ ಇನ್ ದಿ ಸ್ಟ್ರೀಟ್’. ಹಾಡಿದವರು ‘ಮಾರ್ಥಾ ಅಂಡ್ ದಿ ವಾಂಡೆಲ್ಲಾಸ್’ ಎಂಬ ಮೂವರು ಯುವತಿಯರ ತಂಡ. ಹೊರಬಂದದ್ದು 1964ರ ಜುಲೈ ಕೊನೆಯಲ್ಲಿ, ಅಮೆರಿಕದ ಮೋಟಾರು ನಗರಿ ಡೆಟ್ರಾಯಿಟ್‌ನಿಂದ.

ದಕ್ಷಿಣದ ರಾಜ್ಯಗಳ ವರ್ಣದ್ವೇಷ ಮತ್ತು ಬಡತನದಿಂದ ತಪ್ಪಿಸಿಕೊಳ್ಳಲು ಲಕ್ಷಾಂತರ ಕಪ್ಪು ಜನರು ಉತ್ತರದ ಕೈಗಾರಿಕಾ ನಗರಗಳಿಗೆ ವಲಸೆ ಬಂದಿದ್ದರು. 1941ರಲ್ಲಿ ಅಲಬಾಮಾದಲ್ಲಿ ಹುಟ್ಟಿದ ಗಾಯಕಿ ಮಾರ್ಥಾ ರೀವ್ಸ್ ಕೂಸಾಗಿದ್ದಾಗಲೇ ಡೆಟ್ರಾಯಿಟ್ ಸೇರಿದವರು. ಅದೇ ನಗರದ ಕಾರು ಕಾರ್ಖಾನೆಯಲ್ಲಿ ದುಡಿದಿದ್ದ ಬೆರಿ ಗೋರ್ಡಿ 1959ರಲ್ಲಿ ಮನೆಯವರಿಂದ 800 ಡಾಲರ್ ಸಾಲ ಪಡೆದು ಕಟ್ಟಿದ್ದು ಮೋಟೌನ್ ಸಂಸ್ಥೆ. ಸಾಮಾನ್ಯ ವಾಸದ ಮನೆಯಂಥ ಕಟ್ಟಡವೇ ಅದರ ಕಚೇರಿ ಮತ್ತು ಧ್ವನಿಮುದ್ರಣ ಶಾಲೆ. ಮಾರ್ಥಾ ಅಲ್ಲಿ ಮೊದಲು ಮಾಡಿದ್ದು ಕಾರ್ಯದರ್ಶಿಯ ಕೆಲಸ.

ಹಾಡು ರಚಿಸಿದವರು ಮಾರ್ವಿನ್ ಗೇ, ಮಿಕಿ ಸ್ಟೀವನ್ಸನ್ ಮತ್ತು ಐವಿ ಜೋ ಹಂಟರ್. ಬೇಸಿಗೆಯ ಸೆಕೆಗೆ ಡೆಟ್ರಾಯಿಟ್‌ನ ಜನ ಬೀದಿಯ ಬೆಂಕಿನಂದಕ ನಲ್ಲಿಗಳನ್ನು ತೆರೆದು ನೀರಿನಲ್ಲಿ ಆಡುತ್ತಿದ್ದರು. ಆ ದೃಶ್ಯವೇ ಹಾಡಿನ ಬೀಜವಾಯಿತೆಂದು ಸ್ಟೀವನ್ಸನ್ ಹೇಳಿದ್ದಾರೆ. ಮುದ್ರಣದ ದಿನ ಮಾರ್ಥಾ ಮನಸಾರೆ ಹಾಡಿ ಮುಗಿಸಿದಾಗ ಯಂತ್ರ ಚಾಲೂ ಆಗಿಯೇ ಇರಲಿಲ್ಲವೆಂದು ತಿಳಿಯಿತಂತೆ. ಕೊಂಚ ಸಿಟ್ಟಿನಿಂದಲೇ ಮತ್ತೊಮ್ಮೆ ಹಾಡಿದರು. ನಾವು ಇಂದು ಕೇಳುವುದು ಆ ಎರಡನೆಯ ಹಾಡಿಕೆಯನ್ನು.

ಇದರ ಕಸುವು ಎಲ್ಲಿದೆ? ನಾಲ್ಕು ಎಣಿಕೆಯ ತಾಳದಲ್ಲಿ ಒತ್ತು ಬೀಳುವುದು ಎರಡನೆಯ ಮತ್ತು ನಾಲ್ಕನೆಯ ಎಣಿಕೆಗೆ. ನಾವು ಚಪ್ಪಾಳೆ ತಟ್ಟುವುದೂ ಅಲ್ಲೇ, ಹೆಜ್ಜೆ ಎತ್ತುವುದೂ ಅಲ್ಲೇ. ಆ ಪೆಟ್ಟಿಗೆ ಇನ್ನಷ್ಟು ತೂಕ ಬರಲೆಂದು ಹಂಟರ್ ವಾದ್ಯವೇ ಅಲ್ಲದ ಕಬ್ಬಿಣವನ್ನು ಬಡಿದರು. ಮೊದಲಿಗೆ ತುತ್ತೂರಿಗಳು ಡಂಗುರದಂತೆ ಮೊಳಗುತ್ತವೆ. ಚರಣ ಬಹುಹೊತ್ತು ಒಂದೇ ಸ್ವರಮೇಳದ ಮೇಲೆ ನಿಂತು ಕಾಯಿಸುತ್ತದೆ. ಅದು ಬದಲಾದ ಕೂಡಲೇ ಬಾಗಿಲು ತೆರೆದಂತಾಗುತ್ತದೆ. ಮಾರ್ಥಾ ದನಿಯಲ್ಲಿ ಚರ್ಚಿನ ಪ್ರಾರ್ಥನಾಗೀತೆಗಳ ಏರುಕಂಠವಿದೆ. ಆಕೆ ಕೇಳುಗರನ್ನು ರಂಜಿಸುವುದಷ್ಟೇ ಅಲ್ಲ, ಕೂಗಿ ಕರೆಯುತ್ತಾರೆ.

ಎಲ್ಲಿಗೆ ಕರೆಯುತ್ತಾರೆ? ಬೀದಿಗೆ. ಈ ಮಾತಿಗೆ ಆ ಕಾಲದಲ್ಲಿ ಬೇರೆಯೇ ಭಾರವಿತ್ತು. 1963ರ ಜೂನ್‌ನಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಡೆಟ್ರಾಯಿಟ್‌ನ ಬೀದಿಯಲ್ಲಿ ಭಾರಿ ಮೆರವಣಿಗೆ ನಡೆಸಿದ್ದರು. ಅಂದಿನ ಅವರ ಭಾಷಣವನ್ನು ಧ್ವನಿಮುದ್ರಿಕೆಯಾಗಿ ಹೊರತಂದದ್ದೂ ಇದೇ ಮೋಟೌನ್. 1964ರ ಜುಲೈ 2ರಂದು ನಾಗರಿಕ ಹಕ್ಕುಗಳ ಕಾಯಿದೆಗೆ ಸಹಿ ಬಿತ್ತು. ಅದೇ ತಿಂಗಳು ನ್ಯೂಯಾರ್ಕ್‌ನ ಹಾರ್ಲೆಮ್ ಹೊತ್ತಿ ಉರಿಯಿತು. ಹಾಡಿನಲ್ಲಿ ಬರುವ ಷಿಕಾಗೋ, ನ್ಯೂಯಾರ್ಕ್, ಫಿಲಡೆಲ್ಫಿಯಾ, ಬಾಲ್ಟಿಮೋರ್ ಮುಂತಾದ ಹೆಸರುಗಳೆಲ್ಲ ಕಪ್ಪು ಜನರು ದೊಡ್ಡ ಸಂಖ್ಯೆಯಲ್ಲಿದ್ದ ನಗರಗಳವು. ಕುಣಿಯುವವರಿಗೆ ಅದು ಊರುಗಳ ಪಟ್ಟಿ. ಹೋರಾಟಗಾರರ ಕಿವಿಗೆ ರಣಕಹಳೆ.

‘ಇದು ಸಂತೋಷದ ಹಾಡು, ಅಷ್ಟೇ’ ಎಂಬುದು ಮಾರ್ಥಾ ಅವರ ಬದಲಾಗದ ನಿಲುವು. ಆದರೆ ಕಾಲ ಅವರನ್ನೂ ಪರೀಕ್ಷಿಸಿತು. 1967ರ ಜುಲೈ 23ರಂದು ಡೆಟ್ರಾಯಿಟ್‌ನಲ್ಲಿ ಪೊಲೀಸ್ ದಾಳಿಯೊಂದರ ಬೆನ್ನಿಗೆ ದಂಗೆ ಎದ್ದಿತು. ಆಗ ಫಾಕ್ಸ್ ಥಿಯೇಟರಿನ ವೇದಿಕೆಯಲ್ಲಿದ್ದ ಮಾರ್ಥಾ, ನಗರದಲ್ಲಿ ಗಲಭೆಯಾಗಿದೆ, ಶಾಂತರಾಗಿ ಮನೆಗೆ ಹೋಗಿ ಎಂದು ಪ್ರೇಕ್ಷಕರಿಗೆ ಹೇಳಬೇಕಾಯಿತು. ಜನರನ್ನು ಬೀದಿಗೆ ಕರೆದ ಕಂಠವೇ ಅಂದು ಅವರನ್ನು ಮನೆಗೆ ಕಳುಹಿಸಿತು. ಆ ದಂಗೆಯಲ್ಲಿ 43 ಮಂದಿ ಸತ್ತರು. 1972ರ ಹೊತ್ತಿಗೆ ಮೋಟೌನ್ ಕೂಡ ಲಾಸ್ ಏಂಜಲೀಸ್‌ಗೆ ಹೊರಟುಹೋಯಿತು.

ಹಾಡು ಮಾತ್ರ ಉಳಿಯಿತು. 1964ರಲ್ಲಿ ಅಮೆರಿಕದ ಜನಪ್ರಿಯತೆಯ ಪಟ್ಟಿಯಲ್ಲಿ ಎರಡನೆಯ ಸ್ಥಾನಕ್ಕೇರಿತ್ತು. 1985ರಲ್ಲಿ ಡೇವಿಡ್ ಬೋವಿ ಮತ್ತು ಮಿಕ್ ಜಾಗರ್ ಕ್ಷಾಮ ಪರಿಹಾರಕ್ಕಾಗಿ ಇದನ್ನು ಹಾಡಿದಾಗ ಬ್ರಿಟನ್ನಿನಲ್ಲಿ ಮೊದಲ ಸ್ಥಾನ ಗಳಿಸಿತು. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಮೂಲ ಮುದ್ರಿಕೆಯನ್ನು ರಾಷ್ಟ್ರೀಯ ಧ್ವನಿಮುದ್ರಣಗಳ ಪಟ್ಟಿಗೆ ಸೇರಿಸಿದೆ. ಮಾರ್ಥಾ 2005ರಲ್ಲಿ ಡೆಟ್ರಾಯಿಟ್ ನಗರಸಭೆಗೆ ಆಯ್ಕೆಯಾಗಿ ಒಂದು ಅವಧಿ ಸೇವೆ ಸಲ್ಲಿಸಿದರು.

ಹಾಗಾದರೆ ಅರ್ಥ ಯಾರದು? ಮಾರ್ಥಾ ಹೇಳುವುದೂ ನಿಜ, ಹೋರಾಟಗಾರರು ಕೇಳಿಸಿಕೊಂಡದ್ದೂ ನಿಜ. ಬೀದಿಯಲ್ಲಿ ನಿರ್ಭಯವಾಗಿ ನಡೆಯುವ ಹಕ್ಕೇ ಇಲ್ಲದವರಿಗೆ ಅಲ್ಲಿ ಕುಣಿಯುವುದು ಕೇವಲ ವಿನೋದವಾಗಲಾರದು. ಎಲ್ಲರೂ ಬನ್ನಿ ಎಂಬ ಕರೆ ಸಮಾನರ ನಡುವೆ ಆಮಂತ್ರಣ. ಸಮಾನತೆ ಇಲ್ಲದ ಕಡೆ ಅದೇ ಬೇಡಿಕೆಯಾಗುತ್ತದೆ. ಆ ಸಂತೋಷ ಎಲ್ಲರಿಗೂ ಸಿಗುವವರೆಗೆ ಈ ಹಾಡಿಗೆ ಎರಡು ಅರ್ಥ ಇದ್ದೇ ಇರುತ್ತದೆ.